ಕಾಡರಿಶಿಣದ ಹಿತ್ತಲು

ಗುಲಾಬಿ ಬೆಳೆಸುವವರಿಗೆ ಈ ಲೋಕದಲ್ಲಿ ಒಂದು ಮರ್ಯಾದೆಯಿದೆ. ಮನೆಗೆ ಬಂದವರನ್ನು ಕೈಹಿಡಿದು ಕರೆದೊಯ್ದು, ಇದು ಕೆಂಪು, ಇದು ಹಳದಿ, ಮೂಸಿ ನೋಡಿ ಎನ್ನಬಹುದು. ಕಾಡಿನ ಹೂ ಬೆಳೆಸುವ ನನ್ನಂಥವರ ಪಾಡು ಬೇರೆ. ಮಳೆಗಾಲ ಬಿಟ್ಟರೆ ನಮ್ಮ ತೋಟ ನೆಲದೊಳಗೇ ಇರುತ್ತದೆ. ಬಂದವರಿಗೆ ನಾನು ಬರೀ ಮಣ್ಣು ತೋರಿಸಿ, "ಇಲ್ಲಿ ಕಾಡರಿಶಿಣ ಮಲಗೇತ್ರಿ, ಕಾಲಿಡಬ್ಯಾಡ್ರಿ" ಎನ್ನುತ್ತಿದ್ದೆ. ಅವರು ಒಮ್ಮೆ ನನ್ನ ಮುಖ ನೋಡಿ, ಆಮೇಲೆ ನಮ್ಮ ಯಜಮಾನರ ಮುಖವನ್ನು ಬಹಳ ಹೊತ್ತು ಅನುಕಂಪದಿಂದ ನೋಡುತ್ತಿದ್ದರು.

ವಡಗಾವಿಯ ನಮ್ಮ ಹಿತ್ತಲು ಎಂದರೆ ಮನೆ ಕಟ್ಟಿ ಮಿಕ್ಕ ಜಾಗ. ಒಂದು ಕಡೆ ಪಕ್ಕದವರ ಮಗ್ಗದ ಶೆಡ್ಡು, ಇನ್ನೊಂದು ಕಡೆ ಹಿಂದಿನ ಮನೆಯವರ ಹಲಸಿನ ಮರ. ಹಣ್ಣು ಅವರಿಗೆ, ನೆರಳು ಮತ್ತು ಉದುರಿದ ಎಲೆ ನಮಗೆ. ಬಿಸಿಲೇ ಬೀಳದ ಆ ನೆಲದಲ್ಲಿ ಯಜಮಾನರು ಹಚ್ಚಿದ ಗುಲಾಬಿಗಳು ಮುಳ್ಳು ಮಾತ್ರ ಬಿಟ್ಟು ಸತ್ತವು. ಆಗ ನನಗೆ ಖಾನಾಪುರದ ತವರು ನೆನಪಾಯಿತು. ನಮ್ಮ ಹೊಲದ ಮೇಲ್ತುದಿಯಲ್ಲಿ ಮತ್ತಿ, ನೇರಳೆ ಮರಗಳ ಒಂದು ಗುಂಪಿತ್ತು. ಶ್ರಾವಣ ಬಂತೆಂದರೆ ಅವುಗಳ ಬುಡದಲ್ಲಿ ಅಗಲ ಎಲೆಗಳ ನಡುವೆ ಕಾಡರಿಶಿಣದ ಹೂ ಏಳುತ್ತಿತ್ತು. ತುದಿಗೆ ಗುಲಾಬಿ ಬಣ್ಣ, ಒಳಗೆ ಹಳದಿ. ಬಾಜೂ ಹೊಲದ ಮರಾಠಿ ಅಜ್ಜಿ ಅದಕ್ಕೆ ರಾನಹಳದ ಎನ್ನುತ್ತಿದ್ದಳು. ನಮ್ಮವ್ವ ಪಂಚಮಿಗೆ ಅದನ್ನೇ ದೇವರ ಮುಂದಿಡುತ್ತಿದ್ದಳು. ಅವ್ವ ತೀರಿಕೊಂಡ ವರ್ಷ ಅಲ್ಲಿಂದ ಒಂದಿಷ್ಟು ಗಡ್ಡೆ, ಜೊತೆಗೆ ಎಲೆ ಕೊಳೆತ ಮಣ್ಣು ತಂದು ಹಿತ್ತಲಿಗೆ ಸೇರಿಸಿದೆ. ಮಳೆಗೆ ಹೂ ಬಂದಾಗ ನಾನು ಹಿತ್ತಲ ಬಾಗಿಲಲ್ಲಿ ಕೂತು ಅತ್ತೆ. ಯಜಮಾನರು ಚಹಾ ಕೇಳಲು ಬಂದವರು ಕೇಳದೆಯೇ ಹೋದರು. ಅವರ ಇಡೀ ಸಂಸಾರದಲ್ಲಿ ನಾನು ಕಂಡ ದೊಡ್ಡ ಔದಾರ್ಯ ಅದು.

ಆದರೆ ಖಾಲಿ ನೆಲ ಕಂಡರೆ ಸುಮ್ಮನಿರುವ ಮನೆ ನಮ್ಮದಲ್ಲ. ಚಳಿಗಾಲಕ್ಕೆ ಎಲೆ ಒಣಗಿದ್ದೇ ತಡ, ಅತ್ತೆಯವರು ಸಂಡಿಗೆ ಒಣಗಿಸಲು ಅಲ್ಲಿಗೇ ಹಗ್ಗದ ಹೊರಸು ಮಂಚ ಎಳೆದು ತಂದರು. ಬಿಸಿಲು ಬರುವುದಿಲ್ಲ ಎಂದರೆ, ಕಾಗೆಯೂ ಬರುವುದಿಲ್ಲ ಎಂಬ ಉತ್ತರ.

"ಅತ್ತಿ, ಅದರ ಬುಡಕ ಗಡ್ಡಿ ಅದಾವ್ರಿ."

"ಗಡ್ಡಿ ಇದ್ರ ಕಿತ್ತ ಪಲ್ಯಾ ಮಾಡ. ಮಲಗಿಸಿ ಯಾಕ ಇಟ್ಟೀ?"

ಯಜಮಾನರು ತಮ್ಮ ಪಾಲಿಗೆ, ಎಂದೂ ಚಾಲೂ ಆಗದ ಹಳೆಯ ಸ್ಕೂಟರನ್ನು ತಂದು ಅಲ್ಲಿ ನಿಲ್ಲಿಸಿದರು. ನೆಲದಡಿ ಮಲಗಿದ್ದು ಏಳುತ್ತದೆ ಎಂದು ನಾನು, ನೆಲದ ಮೇಲೆ ನಿಂತದ್ದು ಓಡುತ್ತದೆ ಎಂದು ಅವರು. ನಮ್ಮಿಬ್ಬರಲ್ಲಿ ಹುಚ್ಚಿ ಎನ್ನಿಸಿಕೊಂಡವಳು ಮಾತ್ರ ನಾನು.

ಆಗಲೇ ಅಣ್ಣನ ಫೋನ್ ಬಂತು. "ಶೋಭಾ, ಹೊಲದ ಕಾಗದಕ್ಕ ನಿಂದೊಂದು ಸಹಿ ಬೇಕಾಗೇತಿ. ಬಂದು ಹೋಗವ್ವಾ." ಹೆಣ್ಣುಮಕ್ಕಳ ಪಾಲು ಎಂಬುದು ಕಾನೂನಿನಲ್ಲಿದೆ, ತವರಿನಲ್ಲಿಲ್ಲ. ಪಾಲು ಕೇಳಿದ ಹೆಣ್ಣಿಗೆ ತವರಿನ ಅಂಗಳವೂ ಇರುವುದಿಲ್ಲ. ನಾನು ಕೇಳಿದ್ದು ಒಂದೇ: "ಸಹಿ ಮಾಡ್ತೇನಿ ಅಣ್ಣಾ. ಆ ಮ್ಯಾಲಿನ ಗಿಡಾ ಮಾತ್ರ ಕಡೀಬ್ಯಾಡ."

"ಹುಚ್ಚಿ ಅದೀಯೇನ? ಅವ್ವ ಕುಂದರ್ತಿದ್ದ ಜಾಗಾ ಅದು. ನಾ ಕಡೀತೇನಿ?"

ಸಹಿ ಮಾಡಿದೆ. ಅಣ್ಣನ ಹೆಂಡತಿ, ನಮ್ಮ ವೈನಿ, ಉಡಿ ತುಂಬಿ, ಸೀರೆ ಕೊಟ್ಟು, ಹೋಳಿಗೆ ಬಡಿಸಿದಳು. ಬೇಸಿಗೆಯಲ್ಲಿ ಸುದ್ದಿ ಬಂತು: ಹೊಲದಲ್ಲಿ ಹೋಮ್‌ಸ್ಟೇ ಆಗುತ್ತಿದೆ, ಮರದ ಬುಡವನ್ನೆಲ್ಲ ಜೆಸಿಬಿ ಕೆರೆದು ಸಪಾಟು ಮಾಡಿದೆ. ಫೋನ್ ಹಚ್ಚಿ ಜಗಳ ತೆಗೆದೆ.

"ಗಿಡಾ ಒಂದೂ ಕಡದಿಲ್ಲ, ಬೇಕಾದ್ರ ಬಂದು ಎಣಸ," ಎಂದ ಅಣ್ಣ.

"ಬುಡಕ ಹೂವಿನ ಗಡ್ಡಿ ಇದ್ದವಲ್ಲೋ ಅಣ್ಣಾ!"

"ಬರೇ ಎಲಿ ಕಸಾ ಇತ್ತವ್ವಾ. ನೆಲದಾಗಿಂದು ಯಾರಿಗೆ ಕಾಣತೈತಿ?"

ಫೋನಿಟ್ಟು ಹಿತ್ತಲಿಗೆ ಹೋಗಿ ಅತ್ತೆಯವರ ಹೊರಸನ್ನು ಎತ್ತಿ ಅಂಗಳಕ್ಕೆ ಎಸೆದೆ. ಅಣ್ಣನ ಮೇಲಿನ ಸಿಟ್ಟನ್ನು ಸಂಡಿಗೆಯ ಮೇಲೆ ತೀರಿಸಿಕೊಂಡದ್ದಕ್ಕೆ ಅತ್ತೆಯವರು ನನ್ನೊಡನೆ ಮಾತು ಬಿಟ್ಟರು.

ಪಂಚಮಿಗೆ ಅಣ್ಣ ನನ್ನನ್ನು ಕರೆಯಲು ಬಂದ. ಬರುವುದಿಲ್ಲ ಎಂದು ಹೇಳಲು ಇಡೀ ಬೆಳಗು ತಯಾರಿ ಮಾಡಿಕೊಂಡಿದ್ದೆ. ಅವನು ಕೈ ತೊಳೆಯಲು ಹಿತ್ತಲಿಗೆ ಹೋದವನು ಅಲ್ಲೇ ನಿಂತುಬಿಟ್ಟ. ಕಾಡರಿಶಿಣ ಹೂ ಬಿಟ್ಟಿತ್ತು.

"ಏ ಶೋಭಾ! ಎಷ್ಟ ಚಂದ ಅದಾವ. ಎಲ್ಲೆ ಸಿಕ್ಕವು?"

"ನಿಮ್ಮ ಎಲಿ ಕಸದಾಗ," ಎಂದೆ.

ಅವನಿಗೆ ಅದು ತಟ್ಟಲಿಲ್ಲ. "ಹೋಮ್‌ಸ್ಟೇಗೆ ಬರಾವ್ರು ಇಂಥಾದ್ದ ಕೇಳ್ತಾರ ನೋಡ. ಕಾಡಿನ ಹೂವ ಎಲ್ಲೈತಿ ಅಂತಾರ. ನನಗೊಂದಿಷ್ಟು ಕೊಡ."

ಬಿಲ್‌ಕುಲ್ ಕೊಡುವುದಿಲ್ಲ ಎಂದು ಹೇಳಲೆಂದೇ ಬಾಯಿ ತೆರೆದೆ. ಹೊರಬಂದ ಮಾತು, "ಚೀಲಾ ತರ್ಲೇನ?" ನಾನೇ ಅಗೆದೆ, ನಾನೇ ಮಣ್ಣುಸಮೇತ ಎತ್ತಿದೆ, ಬೇರಿಗೆ ಗಾಳಿ ತಾಗದಂತೆ ಒದ್ದೆ ಗೋಣಿಚೀಲ ಸುತ್ತಿ ಕಾರಿನ ಡಿಕ್ಕಿಯಲ್ಲಿ ನಾನೇ ಇಟ್ಟೆ. ಸ್ವಲ್ಪ ನನಗೆಂದು ನೆಲದಲ್ಲೇ ಉಳಿಸಿ, ಅವನೊಡನೆ ಕಾರು ಹತ್ತಿದೆ. ಹಬ್ಬ ಮುಗಿಸಿ ವಡಗಾವಿಗೆ ಬರುವಷ್ಟರಲ್ಲಿ ಯಜಮಾನರು ಹಿತ್ತಲಿಗೆಲ್ಲ ಫರಸಿ ಕಲ್ಲು ಹಾಸಿಸಿದ್ದರು. "ಹೆಂಗೂ ಖಾಲಿ ಮಾಡಿ ಹೋಗಿದ್ದೆಲ್ಲ," ಎಂದರು. ಸ್ಕೂಟರ್ ಫರಸಿಯ ಮೇಲೆ ಮದುಮಗನಂತೆ ನಿಂತಿತ್ತು. ಅತ್ತೆಯವರು ಆ ಸಂಜೆಯೇ ನನ್ನೊಡನೆ ಮಾತು ಶುರುಮಾಡಿದರು.

ಮರುವರ್ಷದ ಪಂಚಮಿಗೆ ತವರಿಗೆ ಹೋದಾಗ, ಮತ್ತಿ ಮರದ ಕೆಳಗೆ ಕಾಡರಿಶಿಣ ನನ್ನ ಹಿತ್ತಲಿನಲ್ಲಿ ಎಂದೂ ಬಾರದಷ್ಟು ಸೊಕ್ಕಿ ಬಂದಿತ್ತು. ಹೊರಗಿನಿಂದ ಬಂದ ಅತಿಥಿಗಳು ಬಗ್ಗಿ ಬಗ್ಗಿ ಫೋಟೋ ತೆಗೆಯುತ್ತಿದ್ದರು. "ನಮ್ಮ ಅವ್ವನ ಕಾಲದ್ದು, ಹಂಗ ಜೋಪಾನ ಮಾಡೇವಿ," ಎಂದು ಅಣ್ಣ ಹೇಳುತ್ತಿದ್ದ. ನನ್ನನ್ನು ಮುಂದೆ ಕರೆದು, "ಇಕಿ ನನ್ನ ತಂಗಿ. ಇಕಿಗೂ ಹೂವಂದ್ರ ಭಾಳ ಇಷ್ಟ," ಎಂದು ಪರಿಚಯಿಸಿದ. ಅವರು ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಹೊರಡುವಾಗ ಅಣ್ಣ ಒಂದು ಗಿಡವನ್ನು ಪ್ಲಾಸ್ಟಿಕ್ ಕುಂಡದಲ್ಲಿ ಹಾಕಿ ಕೈಗಿಟ್ಟ. "ಜ್ವಾಕಿ. ಅಪರೂಪದ್ದೈತಿ. ಬ್ಯಾಸಗ್ಯಾಗ ಸತ್ತಂಗ ಕಾಣತೈತಿ, ಒಗದೀಗಿಗದೀ ಮತ್ತ."

ಅವನಿಗೆ ಕಾರಿನಲ್ಲಿ ಬಿಡಲು ಪುರಸೊತ್ತಿರಲಿಲ್ಲ. ಬಸ್ಸಿನಲ್ಲಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು, ಇವತ್ತಿಗೆ ತವರು ಮುಗಿಯಿತು ಎಂದು ಹಲ್ಲು ಕಚ್ಚಿ ಕೂತೆ. ಪಕ್ಕದ ಸೀಟಿನ ಹೆಂಗಸು ಹೂವನ್ನೇ ನೋಡುತ್ತಿದ್ದಳು.

"ಎಷ್ಟ ಚಂದ ಐತ್ರಿ. ಎಲ್ಲಿಂದ ತಂದ್ರಿ?"

"ತವರುಮನೀದ್ರಿ," ಎಂದೆ. "ನಮ್ಮಣ್ಣ ಕೊಟ್ಟಾನ."

ಆ ದನಿಯಲ್ಲಿದ್ದ ಬಿಂಕ ಕೇಳಿ ನನಗೇ ನಾಚಿಕೆಯಾಯಿತು. "ಇಂಥಾ ಅಣ್ಣ ಸಿಗಾಕ ಪುಣ್ಯಾ ಮಾಡಿರಬೇಕ್ರಿ," ಎಂದಳು ಅವಳು. ಅಲ್ಲ ಎನ್ನಬಹುದಿತ್ತು, ಸುಮ್ಮನಾದರೂ ಇರಬಹುದಿತ್ತು. ದೇಸೂರು ದಾಟುವವರೆಗೂ, ಅವಳು ಬೇಸತ್ತು ಕಿಟಕಿಯ ಕಡೆ ಹೊರಳುವವರೆಗೂ, ನಾನು ಅಣ್ಣನನ್ನು ಹೊಗಳುತ್ತಲೇ ಇದ್ದೆ.