ಏಳೂವರೆ ಬಸ್ಸೂ ಮಾವನ ಹಲಗೆಯೂ

ನಮ್ಮ ಸೋದರಮಾವನಷ್ಟು ಬಸ್ಸುಗಳನ್ನು ಕಾಡಿದವರು ದಿಗ್ಗೇವಾಡಿಯಲ್ಲಿ ಇನ್ನೊಬ್ಬರಿಲ್ಲ, ಕಬ್ಬಿನ ಟ್ರ್ಯಾಕ್ಟರುಗಳನ್ನು ಬಿಟ್ಟರೆ! ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ನಿವೃತ್ತರಾದ ಸುದ್ದಿ ಅವರ ಕೊರಳಲ್ಲಿ ತೂಗುವ ಊದುವ ಸೀಟಿಗೆ ಮಾತ್ರ ತಲುಪಲೇ ಇಲ್ಲ.

ಅತ್ತೆಯ ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆ ಚಿಕ್ಕೋಡಿಗೆ ಹೋಗಬೇಕಾದ ಮೇಲಂತೂ ಮಾವನನ್ನು ಹಿಡಿಯುವವರೇ ಇಲ್ಲದಾದರು. ಏಳೂವರೆಯ ಬಸ್ಸು ಐದು ನಿಮಿಷ ತಡವಾದರೆ ಡ್ರೈವರನಿಗೆ ವಿಚಾರಣೆ. ಹತ್ತುವಾಗ ಯಾರೂ ಹೊತ್ತು ಕಳೆಯಬಾರದೆಂದು ಓಣಿಯವರನ್ನೆಲ್ಲ ಮನೆಯ ಕಟ್ಟೆ ಹತ್ತಿಸಿ ತಾಲೀಮು ಬೇರೆ! "ನಾ ಬಸ್ಸಿಗಿ ಎಲ್ಲಿ ಹೋಗಾಕಿ ಅದೀನೋ ಯಪ್ಪಾ?" ಎಂದ ಮುದುಕಿಯನ್ನೂ ಬಿಡಲಿಲ್ಲ.

ಒಮ್ಮೆ ಹುಬ್ಬಳ್ಳಿಗೆ ಹೋದವರು ಅಲ್ಲಿ ಬಸ್ಸಿಗೇ ಬೇರೆ ದಾರಿ, ಬಾಗಿಲ ಮಟ್ಟಕ್ಕೇ ಕಟ್ಟೆ ಇರುವುದನ್ನು ಕಂಡು ಬಂದರು. ಮರುದಿನ ನಮ್ಮ ರಸ್ತೆಯ ಮೇಲೆ ಸುಣ್ಣದ ಗೆರೆ! ಒಳಗೆ ಬಸ್ಸು, ಹೊರಗೆ ಟ್ರ್ಯಾಕ್ಟರು. ಸಂಜೆಯೊಳಗೆ ಟ್ರ್ಯಾಕ್ಟರುಗಳೇ ಅದನ್ನು ಅಳಿಸಿ ಹಾಕಿದವು. ಮಾವ ಕಚೇರಿಯಿಂದ ಕಚೇರಿಗೆ ಅಲೆದು ಬಂದು ಕುಳಿತರು.

"ರಸ್ತಾ ಒಬ್ರದು, ಬಸ್ ಒಬ್ರದು, ಕಬ್ಬು ಒಬ್ರದು. ತಡಾ ಆದದ್ದು ಮಾತ್ರ ಯಾರದೂ ಅಲ್ಲಂತ ನೋಡಪಾ. ಎಲ್ಲಾರ್ನೂ ಒಂದ ಕಡೆ ಕುಂಡ್ರಸಾಂವ ಒಬ್ಬ ಇಲ್ಲ."

ಕೊನೆಗೆ ಬಡಿಗೇರನಿಂದ ಗಿಡ್ಡ ಕಾಲಿನ ಹಲಗೆಯೊಂದನ್ನು ಮಾಡಿಸಿದರು. ಅತ್ತೆಯ ಬಾತ ಕಾಲು ಬಸ್ಸಿನ ಮೆಟ್ಟಿಲಿಗೆ ಏಳುತ್ತಿರಲಿಲ್ಲ. ಮಾವ ಹಲಗೆಯನ್ನು ಬಾಗಿಲ ಕೆಳಗಿಟ್ಟು, ಅಲುಗದಂತೆ ಪಾದದಿಂದ ಒತ್ತಿ ಹಿಡಿದು ಅವರನ್ನು ಹತ್ತಿಸುವರು.

"ಮಂದಿ ನೋಡಾಕತ್ತಾರ್ರಿ," ಎಂದು ಅತ್ತೆ ನಾಚುವರು.

"ನೋಡ್ಲಿ. ನೀ ಸಾವಕಾಶ ಹತ್ತು."

ಹೋದ ಹಂಗಾಮಿನಲ್ಲಿ ಒಂದು ದಿನ ದಾರಿಯಲ್ಲಿ ಕಬ್ಬಿನ ಟ್ರೇಲರ್ ಮಗುಚಿತು. ಹಿಂದೆ ಮುಂದೆ ಟ್ರ್ಯಾಕ್ಟರುಗಳು. ಬಸ್ಸು ಅಲುಗಲಿಲ್ಲ, ಆಂಬುಲೆನ್ಸಿಗೆ ದಾರಿಯಿಲ್ಲ. ಬಸ್ಸಿನಲ್ಲಿ ನಾನೂ ಅವರ ಜೊತೆಗಿದ್ದೆ. ಅತ್ತೆಗೆ ಉಸಿರು ಕಟ್ಟುತ್ತಿತ್ತು.

"ಎಷ್ಟಾತ್ರಿ?"

"ಈಗರ ಎಂಟಾಗೇತಿ. ಇನ್ನೂ ಭಾಳ ಟೈಮ್ ಐತಿ."

ಹನ್ನೊಂದೂವರೆಯಾಗಿತ್ತು. ಮಾವ ಜನ್ಮದಲ್ಲಿ ತಪ್ಪು ಸಮಯ ಹೇಳಿದ್ದು ಅದೊಂದೇ ಸಲ. ಅತ್ತೆ ಚಿಕ್ಕೋಡಿ ಮುಟ್ಟಲಿಲ್ಲ. ತಡ ಯಾರದೂ ಅಲ್ಲ ಎಂದವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಮೊನ್ನೆ ಬಸ್ಸು ಸರಿಯಾಗಿ ಏಳೂವರೆಗೆ ಬಂತು. ಎಲ್ಲರೂ ಹತ್ತಿದರು. ಆಮೇಲೆ ಮಾವ ಹಲಗೆಯನ್ನು ಬಾಗಿಲ ಕೆಳಗಿಟ್ಟು, ಪಾದದಿಂದ ಒತ್ತಿ ಹಿಡಿದು, ಅತ್ತೆ ಹತ್ತಲು ಬೇಕಾಗುತ್ತಿದ್ದಷ್ಟು ಹೊತ್ತು ಸುಮ್ಮನೆ ನಿಂತರು. ಡ್ರೈವರ್ ಹಾರ್ನ್ ಹೊಡೆಯಲಿಲ್ಲ. ಬಾಗಿಲಲ್ಲಿದ್ದ ಕಂಡಕ್ಟರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮಾವ ಹಲಗೆ ಎತ್ತಿಕೊಂಡು ಸೀಟಿ ಊದಿದರು.