ರಾಹುಕಾಲಕ್ಕೆ ಮುಂಚೆ ಸಿಗ್ನಲ್ ದಾಟಿದ್ದು

ನನ್ನ ಎಡಗಾಲನ್ನು ನಾನು ನಂಬುವುದಿಲ್ಲ. ಬಲಗಾಲು ಹೇಳಿದ ಮಾತು ಕೇಳುತ್ತದೆ. ಎಡಗಾಲು ಮಾತ್ರ ಹಳೆಯ ಕಾರಿನ ಕ್ಲಚ್ಚನ್ನು ಮೂವತ್ತು ವರ್ಷ ತುಳಿದು ತುಳಿದು, ನಿವೃತ್ತಿಯಾದ ಮೇಲೂ ಆಫೀಸಿನ ಹೊತ್ತಿಗೆ ಅಂಗಿ ತೊಟ್ಟು ಕೂರುವ ಗುಮಾಸ್ತನ ಹಾಗಾಗಿದೆ. ಕ್ಲಚ್ಚೇ ಇಲ್ಲದ ಕಾರಿನಲ್ಲೂ ಕ್ಲಚ್ಚನ್ನು ಹುಡುಕುತ್ತದೆ. ಅಲ್ಲಿ ಅದಕ್ಕೆ ಸಿಗುವುದು ಬ್ರೇಕು.

ಆ ಕಾರು ನನ್ನ ಹೆಂಡತಿ ರುಕ್ಮಿಣಿಯದು. ನುಂಗಂಬಾಕ್ಕಂನ ನಮ್ಮ ಬೀದಿಯಲ್ಲಿದ್ದ ವಿದೇಶಿ ಅಧಿಕಾರಿಯೊಬ್ಬರು ಊರಿಗೆ ಮರಳುವಾಗ ಬಿಟ್ಟುಕೊಟ್ಟ ಕೆಂಪು ಸ್ಪೋರ್ಟ್ಸ್ ಕಾರು. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ಟರ್ಬೊ, ಡ್ಯುಯಲ್ ಕ್ಲಚ್ ಎಂಬ ಮಾತನ್ನು ನಮ್ಮ ನಂಟರಲ್ಲಿ ಯಾರೂ ಕೇಳಿರಲಿಲ್ಲ. ಐವತ್ತು ದಾಟಿದ ರುಕ್ಮಿಣಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರೊಳಗೆ ಇಳಿದು ಕೂತಳು. ಹೌದು, ಇಳಿದು, ಅಷ್ಟು ತಗ್ಗು. ಅವಳಿಗೆ ವೇಗದ ಹುಚ್ಚೆಂದು ಜನ ಆಡಿಕೊಂಡರು. ನಿಜವಾಗಿ ಅವಳಿಗಿದ್ದದ್ದು ರಾಹುಕಾಲದ ಕಾಟ. ಅವಳ ತಾಯಿ ನಮ್ಮ ಜೊತೆಯಲ್ಲೇ ಇದ್ದಾರೆ. ರಾಹುಕಾಲ ಶುರುವಾಗುವುದರೊಳಗೆ ನಮ್ಮ ಬೀದಿ ಮುಗಿದು, ಸಿಗ್ನಲ್ಲಿನ ಗೆರೆ ದಾಟದಿದ್ದರೆ ಅತ್ತೆಯ ಪ್ರಕಾರ ಹೊರಟಂತೆಯೇ ಅಲ್ಲ. ಮನೆಗೆ ವಾಪಸು ಬಂದು ಒಂದೂವರೆ ಗಂಟೆ ಕೂರಬೇಕು. ರುಕ್ಮಿಣಿಯೋ ಎಲ್ಲದಕ್ಕೂ ಕಡೆಯ ನಿಮಿಷದವಳು. ನಿಂತಲ್ಲಿಂದ ಥಟ್ಟನೆ ಎದ್ದು ಹೋಗುವ ಕಾರು ಅವಳಿಗೆ ಐಷಾರಾಮವಾಗಿರಲಿಲ್ಲ, ಅಗತ್ಯವಾಗಿತ್ತು.

ಅದಕ್ಕೊಂದು ವಿಧಾನವಿದೆ. ಎಡಗಾಲಿನಲ್ಲಿ ಬ್ರೇಕು ಒತ್ತಿಹಿಡಿದು ಬಲಗಾಲಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿಯಬೇಕು. ಎಂಜಿನ್ ಗುಡುಗಿ, ಟರ್ಬೊ ಉಸಿರು ತುಂಬಿಕೊಂಡ ಮೇಲೆ ಬ್ರೇಕು ಬಿಟ್ಟರಾಯಿತು. ಮೆಲ್ಲಗೆ ತುಳಿದರೆ ಕಾರು ಯೋಚನೆಗೆ ಬೀಳುತ್ತದೆ. ನಾನು ಹುಟ್ಟಿದಾಗಿನಿಂದ ಮೆಲ್ಲಗೆ ತುಳಿಯುವವನು. ಇನ್ನು ಆ ಎರಡು ಕ್ಲಚ್ಚುಗಳು ಗೇರುಪೆಟ್ಟಿಗೆಯೊಳಗೇ ಇರುತ್ತವೆ: ಒಂದು ಈಗಿನ ಗೇರನ್ನು ನಡೆಸುವಾಗ, ಮುಂದಿನ ಗೇರನ್ನು ಇನ್ನೊಂದು ಸಿದ್ಧವಾಗಿ ಇಟ್ಟುಕೊಂಡಿರುತ್ತದೆ. ಇದನ್ನು ರುಕ್ಮಿಣಿ ವಿವರಿಸಿದಾಗ ನನಗೆ ವಿಶೇಷವೆನಿಸಲಿಲ್ಲ. ನಾನು ಕಾಫಿ ಕುಡಿಯುವಾಗಲೇ ಸ್ನಾನದ ಬಿಸಿನೀರು, ಸ್ನಾನ ಮಾಡುವಾಗಲೇ ಇಸ್ತ್ರಿಯ ಅಂಗಿ. ಇಪ್ಪತ್ತೇಳು ವರ್ಷ ನನ್ನ ದಿನಗಳು ಒಂದು ಕುಲುಕೂ ಇಲ್ಲದೆ ಗೇರು ಬದಲಾಯಿಸಿದವು. ಯಾರು ಬದಲಾಯಿಸುತ್ತಿದ್ದರೆಂದು ನಾನು ನೋಡಲಿಲ್ಲ.

ಹೋದ ಶ್ರಾವಣದಲ್ಲಿ ಮೂರು ವಾರದ ಕಾಯಿಲೆಯಲ್ಲಿ ಅವಳು ಹೋದಳು.

ಅತ್ತೆಗೆ ಆಗ ಒಂದು ಕಣ್ಣಿನ ಪೊರೆ ತೆಗೆಸಿ ಆಗಿತ್ತು, ಇನ್ನೊಂದು ಬಾಕಿ. ತೆಗೆಸಿದ ಕಣ್ಣಿನಲ್ಲೂ ದೃಷ್ಟಿ ಅಷ್ಟಕ್ಕಷ್ಟೆ. ಇನ್ನೊಂದೂ ಕೆಟ್ಟರೆ ಕತ್ತಲೇ ಎಂದು ಎಗ್ಮೋರಿನ ಡಾಕ್ಟರು ಎಚ್ಚರಿಸಿದ್ದರು. "ಇದ್ದವಳೇ ಹೋದಳು. ಇನ್ನು ನಾನು ನೋಡ್ಬೇಕಾದ್ದು ಏನಿದೆ?" ಎಂದು ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದರು. ಎಂಟು ತಿಂಗಳು ಗೇಟಿನ ಆಚೆ ಕಾಲಿಡಲಿಲ್ಲ. ಆ ಇನ್ನೊಂದು ಕಣ್ಣಿನ ಆಪರೇಷನ್ನಿಗೆ ಬನ್ನಿ ಎಂದು ನಾನು ದಿನಾ ಕೇಳುತ್ತಿದ್ದೆ. ಕೊನೆಗೊಂದು ದಿನ, ನನ್ನ ಕಾಟ ತಾಳಲಾರದೆಯೋ ಏನೋ, "ಬರ್ತೀನಿ. ಆದ್ರೆ ಆಟೋ ವೇಂಡಾಂ, ಟ್ಯಾಕ್ಸಿ ವೇಂಡಾಂ. ಮೊದಲ್ನೇ ಕಣ್ಣಿಗೆ ರುಕ್ಕು ಹೆಂಗೆ ಕರ್ಕೊಂಡು ಹೋದಳೋ ಹಂಗೇ ಹೋಗ್ಬೇಕು. ಸಿಗ್ನಲ್ಲಲ್ಲಿ ನನ್ನ ಬೆನ್ನು ಸೀಟಿಗೆ ಒತ್ತಬೇಕು, ಅಳಿಯಂದ್ರೇ" ಎಂದರು.

ಕಾರು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಸೆಲ್ವಂ ನನಗೆ ಗುರುವಾದ. ಕಾಸಿಮೇಡಿನಲ್ಲಿ ಅವನ ಮನೆಯ ಹತ್ತಿರ, ಮೀನಿನ ಹರಾಜು ಮುಗಿದು ಖಾಲಿಯಾದ ಅಂಗಳದಲ್ಲಿ ಪಾಠ. ಕಾರು ನೆಗೆಯುತ್ತಿತ್ತು, ಎರಡನೆಯ ಗೇರಿನ ಹೊತ್ತಾಯಿತೆಂದು ನನ್ನ ಎಡಗಾಲು ಬಲವಾಗಿ ತುಳಿಯುತ್ತಿತ್ತು, ಇಬ್ಬರೂ ಗಾಜಿಗೆ ನಮಸ್ಕಾರ ಮಾಡುತ್ತಿದ್ದೆವು. "ಸಾರ್, ಉಳ್ಳೆ ರೆಂಡು ಕ್ಲಚ್ಚು ಇರುಕ್ಕು, ಉಂಗಳುಕ್ಕು ಒಣ್ಣು ಕೂಡ ಇಲ್ಲೆ! ಕಾಲೆ ಎಡುಂಗ!" ಎಂದು ಸೆಲ್ವಂ ಗೋಗರೆದ. ಒಳಗೆ ಎರಡಿದ್ದರೂ ನನ್ನ ಪಾಲಿಗೆ ಒಂದೂ ಇಲ್ಲ, ಕಾಲು ತೆಗೆಯಿರಿ ಎಂದು. ಮನೆಗೆ ಬಂದರೆ ಅತ್ತೆ ಮೂಗು ಮುಚ್ಚಿಕೊಂಡು, ಮೊದಲು ಕಾರಿಗೆ ಸ್ನಾನ, ಆಮೇಲೆ ನಿಮಗೆ ಎಂದರು.

ಆಪರೇಷನ್ನಿಗೆ ಹೊರಟ ಶುಕ್ರವಾರ ಹತ್ತೂವರೆಗೆ ರಾಹುಕಾಲ. ಹತ್ತು ಇಪ್ಪತ್ತೆಂಟಕ್ಕೆ ನಾವು ಸಿಗ್ನಲ್ಲಿನಲ್ಲಿ, ಎಲ್ಲರಿಗಿಂತ ಮುಂದೆ. ಅತ್ತೆ ಗಡಿಯಾರವನ್ನು ಮೂಗಿಗೆ ತಾಗಿಸಿಕೊಂಡು ಕೂತಿದ್ದರು. ಎಡಗಾಲು ಬ್ರೇಕು, ಬಲಗಾಲು ಪೂರ್ತಿ. ಎಂಜಿನ್ ಗುಡುಗಿತು. ಹಸಿರು ಬಿತ್ತು, ಬ್ರೇಕು ಬಿಟ್ಟೆ. ಬೆನ್ನು ಸೀಟಿಗೆ ಒತ್ತಿತು! "ಆಹಾ" ಎಂದರು ಅತ್ತೆ. ಅಷ್ಟರಲ್ಲಿ ನನ್ನ ಗುಮಾಸ್ತ ಎಚ್ಚರಗೊಂಡ. ಧಡ್ ಎಂದು ಕಾರು ನಡುರಸ್ತೆಯಲ್ಲಿ ನಿಂತಿತು. ಹಿಂದಿನ ಆಟೋ ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಪಕ್ಕಕ್ಕೆ ಬಂತು.

"ಯೋವ್ ಪೆರಿಸು! ವೀಟ್ಲ ಸೊಲ್ಲಿಟ್ಟು ವಂದಿಯಾ?"

ಸಾಯಲು ಹೊರಟಿದ್ದೀಯಲ್ಲ ಮುದುಕಾ, ಮನೆಯಲ್ಲಿ ಹೇಳಿ ಬಂದೆಯಾ ಎಂಬುದು ಈ ಊರಿನ ಆಟೋದವರ ಮಾಮೂಲು ಪ್ರಶ್ನೆ. ಎಷ್ಟೋ ಸಲ ಕೇಳಿ ನಕ್ಕಿದ್ದೇನೆ. ಅಂದು ನಗು ಬರಲಿಲ್ಲ. ಮನೆಯಲ್ಲಿ ಯಾರಿಗೆ ಹೇಳಿ ಬರಲಿ?

ಅತ್ತೆ ಗಾಜು ಇಳಿಸಿ ತಲೆ ಹೊರಗೆ ಹಾಕಿದರು. "ವೀಟ್ಲ ಇರುಕ್ಕಿರವಳೇ ನಾನ್‌ದಾಂಡಾ! ಎನ್ನೈಯುಂ ಕೂಟ್ಟಿಟ್ಟುದಾನ್ ವಂದಿರುಕ್ಕಾರು. ಪೋಡಾ!"

ಮನೆಯಲ್ಲಿರುವವಳು ನಾನೇ ಕಣೋ, ನನ್ನನ್ನೂ ಕರೆದುಕೊಂಡೇ ಬಂದಿದ್ದಾರೆ. ಆಟೋದವನು "ಸಾರಿ ಪಾಟ್ಟಿ" ಎಂದು ಅಜ್ಜಿಗೆ ಸಲಾಮು ಹೊಡೆದು ಹೋದ. ಅತ್ತೆ ನಗತೊಡಗಿದರು, ಎಂಟು ತಿಂಗಳ ಮೇಲೆ, ಕಣ್ಣಲ್ಲಿ ನೀರು ಬರುವಷ್ಟು. ನನಗೂ ಬಂತು, ಆದರೆ ನಗುವಿಗೆ ಎಂದು ಹೇಳಲಾರೆ. "ಗೆರೆ ದಾಟಿದೀವಿ. ಇನ್ನೂ ಒಂದು ನಿಮಿಷ ಇದೆ. ನಡೀರಿ, ಸೀಕ್ರಂ!" ಎಂದರು.

ಪೊರೆ ತೆಗೆಸಿ, ಈಗ ಅವರಿಗೆ ಆ ಎರಡನೆಯ ಕಣ್ಣು ಸೊಗಸಾಗಿ ಕಾಣುತ್ತದೆ. ಆ ಡಾಕ್ಟರಿಗೂ ಸೆಲ್ವಂಗೂ ಆಟೋದವನಿಗೂ, ಎಲ್ಲರಿಗಿಂತ ಹೆಚ್ಚಾಗಿ ಇಂಥ ಕಾರನ್ನೂ ಇಂಥ ತಾಯಿಯನ್ನೂ ನನಗೆ ಬಿಟ್ಟುಹೋದವಳಿಗೂ ನಾನು ಋಣಿ. ಒಂದೇ ತೊಂದರೆ. ಕಣ್ಣು ಬಂದ ಮರುವಾರವೇ ಅತ್ತೆ ಪಕ್ಕದ ಸೀಟಿನಿಂದ ಬಗ್ಗಿ ವೇಗದ ಮುಳ್ಳನ್ನು ಓದಿ, "ಇಪ್ಪತ್ತೆರಡಾ? ಆಸ್ಪತ್ರೆಗೆ ಹೋಗ್ತಾ ಬರ್ತಾ ಅರವತ್ತು ಅಂತಿದ್ರಲ್ಲ ಅಳಿಯಂದ್ರೇ!" ಎಂದರು. ಅಂದಿನಿಂದ ನಾನು ಸ್ಟೀರಿಂಗಿಗೆ ಎದೆ ತಾಗುವಷ್ಟು ಮುಂದೆ ವಾಲಿ, ಮೀಟರಿಗೆ ಮೈ ಅಡ್ಡ ಮಾಡಿಕೊಂಡು ಓಡಿಸುತ್ತೇನೆ. ನೋಡಿದವರು, ಈ ವಯಸ್ಸಿನಲ್ಲಿ ಎಂಥ ರೇಸಿನ ಉಮೇದು ಎಂದುಕೊಳ್ಳುತ್ತಾರಂತೆ.