ಟೈಮಪ್ಪನ ಹೊಸ ಪರದೆ

ಹೋದ ಬಸ್ಸು ಇನ್ನೂ ಹೋಗಿಲ್ಲ, ಬರುವ ಬಸ್ಸು ಆಗಲೇ ಬಂದು ಅದರ ಮೇಲೆ ಕೂತಿದೆ. ಇದು ನಿಲ್ದಾಣದ ಸಮಾಚಾರವಲ್ಲ. ಸಾರಿಗೆ ಕಚೇರಿಯ ವೇಳಾಪಟ್ಟಿ ಗುಮಾಸ್ತನಿಗೆ ಕೊಟ್ಟ ಹೊಸ ಲ್ಯಾಪ್‌ಟಾಪಿನ ಪರದೆಯ ಸಮಾಚಾರ. ಪುಟವನ್ನು ಮೇಲಕ್ಕೆ ಸರಿಸಿದರೆ ಆರೂ ಹತ್ತರ ಬಸ್ಸಿನ ಸಾಲು ತನ್ನ ನೆರಳನ್ನು ಹಿಂದೆ ಬಿಟ್ಟು ಹೋಗುತ್ತಿತ್ತು. ಆ ನೆರಳಿನ ಮೇಲೆಯೇ ಆರೂ ನಲವತ್ತರ ಬಸ್ಸು ಮೂಡುತ್ತಿತ್ತು. ಅಕ್ಷರಗಳೆಲ್ಲ ಒದ್ದೆ ಕಾಗದದ ಮೇಲಿನ ಶಾಯಿಯ ಹಾಗೆ ಹರಡಿಕೊಂಡು ಕಲಸಿಹೋಗುತ್ತಿದ್ದವು. ಕೈ ನಿಲ್ಲಿಸಿದರೆ ಮರುಕ್ಷಣ ಎಲ್ಲ ಸರಿ. ಆದರೆ ದಿನಕ್ಕೆ ನಾನೂರು ಬಸ್ಸುಗಳ ಸಾಲು ಸರಿಸುವವನು ಕೈ ನಿಲ್ಲಿಸುವುದಾದರೂ ಎಲ್ಲಿ?

ಕಚೇರಿಯಲ್ಲಿ ಅವನಿಗೆ ಟೈಮಪ್ಪ ಎಂದೇ ಹೆಸರು. ವೇಳಾಪಟ್ಟಿ ಬರೆಯುವವನಾದ್ದರಿಂದ ಬಂದ ಹೆಸರೇ ಹೊರತು, ವೇಳೆಗೆ ಸರಿಯಾಗಿ ಏನನ್ನಾದರೂ ಮಾಡಿದ್ದರಿಂದ ಬಂದದ್ದಲ್ಲ. ಯಂತ್ರ ಸರಿಯಿಲ್ಲವೆಂದು ಮೊದಲ ದಿನವೇ ಗೊತ್ತಾಗಿತ್ತು. ಆದರೂ ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಹದಿನಾಲ್ಕು ದಿನ ತಲೆನೋವಿನ ಮಾತ್ರೆ ನುಂಗಿಕೊಂಡು ಕೂತಿದ್ದ ಮಹಾನುಭಾವ. ಹದಿನೈದನೆಯ ದಿನ ಬೆಳಿಗ್ಗೆ ಹೆಂಡತಿಯೇ ಕ್ಯಾಲೆಂಡರ್ ನೋಡಿ ಅವನನ್ನು ಎಬ್ಬಿಸಬೇಕಾಯಿತು. ಬದಲಿ ಯಂತ್ರ ಪಡೆಯುವ ಅವಧಿ ಆ ಸಂಜೆ ಐದಕ್ಕೆ ಮುಗಿಯುತ್ತಿತ್ತು. ಅದು ತಪ್ಪಿದರೆ ಮುಂದಿನ ಐದು ವರ್ಷ, ಅಂದರೆ ಅವನು ನಿವೃತ್ತನಾಗುವ ತನಕ, ಅದೇ ಪರದೆಯೊಂದಿಗೆ ಸಂಸಾರ.

"ಇವತ್ತು ಅದನ್ನ ಬದಲಾಯಿಸ್ಕೊಂಡೇ ಮನೆಗೆ ಬನ್ನಿ," ಎಂದಳು ಹೆಂಡತಿ. "ಇನ್ನೂ ಐದು ವರ್ಷ ದಿನಾ ಸಾಯಂಕಾಲ ನಿಮ್ಮ ತಲೆ ಒತ್ತೋದು ನನ್ನ ಕೈಲಾಗಲ್ಲ."

ಟೈಮಪ್ಪ ಕಚೇರಿಗೆ ಹೋದವನೇ ಉಗ್ರಾಣದ ಕಿಟಕಿಗೆ ಹೋಗಿ ನಿಂತ. ಉಗ್ರಾಣ ನೋಡಿಕೊಳ್ಳುವಾಕೆಯನ್ನು ಎಲ್ಲರೂ ಉಗ್ರಾಣದಕ್ಕ ಎನ್ನುತ್ತಿದ್ದರು. ಹೊಸ ಪೆನ್ಸಿಲ್ ಬೇಕೆಂದರೆ ಹಳೆಯದರ ತುಂಡು ತಂದು ತೋರಿಸಬೇಕು ಎನ್ನುವ ಹೆಂಗಸು. ಅವಳ ಹತ್ತಿರ ಇಲ್ಲದ ವಸ್ತುವಿರಲಿಲ್ಲ. ಯಾರಿಗೂ ಕೊಡುತ್ತಿರಲಿಲ್ಲ ಅಷ್ಟೆ. ಬದಲಿ ಲ್ಯಾಪ್‌ಟಾಪ್ ಅವಳ ಬೆನ್ನ ಹಿಂದಿನ ಕಪಾಟಿನಲ್ಲಿ, ಪೆಟ್ಟಿಗೆ ಒಡೆಯದೆ ಕೂತಿತ್ತು. ಅದು ಬೇರೆ ಮಾದರಿಯದು. ಟೈಮಪ್ಪ ಅದನ್ನು ನೋಡಿ ಉಗುಳು ನುಂಗಿದ.

ತನ್ನ ಯಂತ್ರವನ್ನು ಕಿಟಕಿಯ ಹಲಗೆಯ ಮೇಲಿಟ್ಟು ತೆರೆದು ತೋರಿಸಿದ. ಉಗ್ರಾಣದಕ್ಕ ನಿಂತ ಪುಟವನ್ನು ನೋಡಿ ಚೆನ್ನಾಗೇ ಇದೆಯಲ್ಲ ಎಂದಳು. ಅವನು ಪುಟ ಸರಿಸಿದ. ಅಷ್ಟರಲ್ಲಿ ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿ ಹಾಕಿಕೊಳ್ಳುವ ಹೊತ್ತಿಗೆ ಪುಟ ಮತ್ತೆ ನಿಂತಿತ್ತು. ಫೋಟೋ ಇದ್ದರೆ ತೋರಿಸಿ ಎಂದಳು. ಅವನು ಒಂದು ಕೈಯಲ್ಲಿ ಪುಟ ಸರಿಸುತ್ತ ಇನ್ನೊಂದು ಕೈಯಲ್ಲಿ ಮೊಬೈಲ್ ಹಿಡಿದು ಫೋಟೋ ತೆಗೆದ. ಅದರಲ್ಲಿ ನೆರಳೇನೋ ಬಂದಿತ್ತು. ಜೊತೆಗೆ ಕಿಟಕಿಯ ಸರಳುಗಳೂ ಎರಡೆರಡಾಗಿ ಬಂದಿದ್ದವು. ನಿಮ್ಮ ಕೈ ನಡುಗಿದೆ ಎಂದು ಅವಳು ಮೊಬೈಲ್ ಹಿಂದಿರುಗಿಸಿದಳು.

"ನೋಡಿ, ದೋಷ ಯಂತ್ರದ್ದೋ ನಿಮ್ಮ ಕಣ್ಣಿಂದೋ ನಂಗೆ ಹೇಗೆ ಗೊತ್ತಾಗ್ಬೇಕು? ಕಣ್ಣಿನ ಡಾಕ್ಟರ ಹತ್ರ ಒಂದು ಚೀಟಿ ತನ್ನಿ. ಕಣ್ಣಾರೆ ಕಂಡ ಇಬ್ಬರ ಸಹಿ, ಆಮೇಲೆ ಸಾಹೇಬರ ಸಹಿ. ಐದಕ್ಕೆ ನಾನು ಬೀಗ ಹಾಕ್ತೀನಿ."

ಅವಳು ನಮೂನೆಯ ಹಾಳೆಯನ್ನು ಕಿಟಕಿಯಿಂದ ಹೊರಗೆ ತಳ್ಳಿದಳು. ಐದಕ್ಕೆ ಬೀಗ ಹಾಕುವ ವಿಷಯದಲ್ಲಿ ಮಾತ್ರ ಅವಳು ಎಂದೂ ಯಾರನ್ನೂ ಕಾಯಿಸಿದವಳಲ್ಲ.

ಸಹಿಗೆಂದು ಮೊದಲು ಹೋದದ್ದು ಟಪಾಲು ವಿಭಾಗದ ಹಿರಿಯಣ್ಣನ ಹತ್ತಿರ. ಮೂವತ್ತು ವರ್ಷ ಸೇವೆ ಮಾಡಿದವನಾದ್ದರಿಂದ ಆ ಹೆಸರು. ಸೇವೆ ಎಂದರೆ ಬಂದ ಟಪಾಲನ್ನು ಎಡದಿಂದ ಬಲಕ್ಕೆ ಇಡುವುದು. ಅವನಿಗೆ ಹೊಸ ಯಂತ್ರ ಸಿಕ್ಕಿರಲಿಲ್ಲ. ಸಾಹೇಬರನ್ನು ಬಿಟ್ಟರೆ ಇಪ್ಪತ್ತಮೂರು ಜನರ ಆ ಕಚೇರಿಯಲ್ಲಿ ಉಳಿದ ಇಪ್ಪತ್ತೆರಡು ಮಂದಿ ಹಳೆಯ ಕಂಪ್ಯೂಟರುಗಳ ಮುಂದೆ ತಮ್ಮ ಸರದಿಗಾಗಿ ಕಾಯುತ್ತಿದ್ದರು. ಸಿಕ್ಕಿದವನೊಬ್ಬ ಸಿಕ್ಕಿದ್ದು ಸರಿಯಿಲ್ಲ ಎಂದು ಗೊಣಗುವುದನ್ನು ಕೇಳಿ ಅವರಿಗೆ ಎಷ್ಟು ಸಂಕಟವಾಯಿತೋ ಅಷ್ಟೇ ಹಿತವೂ ಆಯಿತು.

ಹಿರಿಯಣ್ಣ ಪರದೆಗೆ ಮೂಗು ತಾಗಿಸಿ ನೋಡಿದ. ಟೈಮಪ್ಪ ಸರಸರನೆ ಪುಟ ಸರಿಸಿದ. ಅಷ್ಟು ಜೋರಾಗಿ ಸರಿಸಿದರೆ ಯಾವನಿಗೆ ಕಾಣುತ್ತದೆ, ನಿಧಾನ ಸರಿಸು ಎಂದ ಹಿರಿಯಣ್ಣ. ನಿಧಾನ ಸರಿಸಿದರೆ ನೆರಳು ಬೀಳುತ್ತಿರಲಿಲ್ಲ.

"ನೋಡು, ಈಗ ಸರಿಯಾಗಿದೆ. ನಿಧಾನವಾಗಿ ಕೆಲಸ ಮಾಡಿದ್ರೆ ಯಂತ್ರಕ್ಕೇನೂ ಆಗಲ್ಲ. ಮೂವತ್ತು ವರ್ಷದಲ್ಲಿ ನಂಗೆ ಯಾವತ್ತಾದ್ರೂ ಇಂಥ ತೊಂದರೆ ಬಂದದ್ದು ಕೇಳಿದೀಯೇನೋ?"

ಕೇಳಿರಲಿಲ್ಲ. ಟೈಮಪ್ಪ ಹಾಳೆ ಮಡಿಸಿಕೊಂಡು ಎದ್ದ.

ಏಳುವಷ್ಟರಲ್ಲಿ ಪಕ್ಕದ ಮೇಜಿನ ಪಂಡಿತ ಯಂತ್ರವನ್ನು ತನ್ನ ಕಡೆ ಎಳೆದುಕೊಂಡಿದ್ದ. ಪಂಡಿತ ಎಂದರೆ ಆ ಕಚೇರಿಯಲ್ಲಿ ಯಾರಿಗೆ ಯಾವ ರೋಗ ಬಂದರೂ ಔಷಧಿ, ಯಾವ ಯಂತ್ರ ಕೆಟ್ಟರೂ ರಿಪೇರಿ ಹೇಳುವವನು. ಅವನು ಕೈ ಹಾಕಿದ ಗೋಡೆ ಗಡಿಯಾರ ಎರಡು ವರ್ಷದಿಂದ ಅವನ ಮೇಜಿನ ಖಾನೆಯಲ್ಲೇ ಬಿಡಿಬಿಡಿಯಾಗಿ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಇದೆಲ್ಲ ಸೆಟ್ಟಿಂಗಿನ ಸಮಸ್ಯೆ ಎಂದು ಅವನು ಅದನ್ನು ಒತ್ತಿದ, ಇದನ್ನು ಒತ್ತಿದ. ಬೆಳಕು ಕಡಿಮೆಯಾಯಿತು. ಅಕ್ಷರಗಳು ಕುಂಬಳಕಾಯಿ ಗಾತ್ರಕ್ಕೆ ಬೆಳೆದವು. ಆಮೇಲೆ ಇಡೀ ಪುಟ ತಲೆಕೆಳಗಾಗಿ ನಿಂತುಬಿಟ್ಟಿತು. ಅದನ್ನು ಮತ್ತೆ ನೆಟ್ಟಗೆ ಮಾಡುವುದು ಪಂಡಿತನಿಗೆ ತಿಳಿಯಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವುದೂ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಹೀಗೇ ಬಿಡು, ಒಳಗಿನ ಬಿಸಿ ಇಳಿಯಲಿ ಎಂದು ಹೇಳಿ ಚಹಾಕ್ಕೆ ಎದ್ದು ಹೋದ.

ಹತ್ತೂವರೆಯಿಂದ ಹನ್ನೆರಡರವರೆಗೆ ಟೈಮಪ್ಪ ಲ್ಯಾಪ್‌ಟಾಪನ್ನು ಮಗುಚಿ, ಕೀಲಿಗಳ ಭಾಗವನ್ನು ಮೇಲೆ ಎತ್ತಿ ಹಿಡಿದು, ಕೆಳಗಿನಿಂದ ಬೆರಳು ತೂರಿಸಿ ಬಸ್ಸುಗಳ ಸಾಲು ತಿದ್ದಿದ. ಹೋಗಿಬರುವವರೆಲ್ಲ ನಿಂತು ನೋಡಿದರು. ಒಬ್ಬರಾದರೂ ನೆರವಿಗೆ ಬರಲಿಲ್ಲ. ಕೊನೆಗೆ ಅವನೇ ಬೇಸತ್ತು ಯಂತ್ರವನ್ನು ಪೂರ್ತಿ ಆರಿಸಿ, ಏನೇನೋ ಗುದ್ದಾಡಿ ಅದನ್ನು ನೆಟ್ಟಗೆ ಮಾಡಿಕೊಂಡ. ನೆರಳು ಮಾತ್ರ ಮೊದಲಿನ ಹಾಗೆಯೇ ಇತ್ತು.

ಊಟದ ಬಿಡುವಿನಲ್ಲಿ ಊಟ ಬಿಟ್ಟು ಎರಡು ಬೀದಿ ಆಚೆಯ ಕಣ್ಣಿನ ಡಾಕ್ಟರಲ್ಲಿಗೆ ಓಡಿದ. ಡಾಕ್ಟರು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಒಂದೊಂದೇ ಕಣ್ಣು ಮುಚ್ಚಿಸಿ, ಗೋಡೆಯ ಅಕ್ಷರಗಳನ್ನು ಓದಿಸಿದರು. ಟೈಮಪ್ಪ ಕಟ್ಟಕಡೆಯ ಸಾಲನ್ನೂ ಓದಿ, ಅದರ ಕೆಳಗೆ ಇರುವೆ ಗಾತ್ರದಲ್ಲಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದ. ಡಾಕ್ಟರ ಮುಖ ಸಣ್ಣದಾಯಿತು. ಕನ್ನಡಕದ ಚೌಕಟ್ಟುಗಳ ತಟ್ಟೆಯನ್ನು ಬೇಸರದಿಂದ ಪಕ್ಕಕ್ಕೆ ಸರಿಸಿ ಚೀಟಿ ಬರೆದುಕೊಟ್ಟರು.

"ಈ ವಯಸ್ಸಿಗೆ ಇಂಥ ಕಣ್ಣು ಅಪರೂಪ," ಎಂದರು. "ಸ್ವಲ್ಪ ಮಂಜಾಗಿದ್ದಿದ್ರೆ ನಿಮಗೆ ಈ ತೊಂದರೆನೇ ಗೊತ್ತಾಗ್ತಿರಲಿಲ್ಲ."

ಚೀಟಿ ಹಿಡಿದು ಹಿಂದಿರುಗಿದಾಗ ಮೂರು ದಾಟಿತ್ತು. ಸಹಿಯ ಎರಡೂ ಜಾಗ ಖಾಲಿ. ಇನ್ನೂ ಮೂವರನ್ನು ಕೇಳಿ ನೋಡಿದ. ಒಬ್ಬನಿಗೆ ನೆರಳು ಕಾಣಿಸಲಿಲ್ಲ. ಒಬ್ಬನಿಗೆ ಕಾಣಿಸಿದರೂ ಸಹಿ ಹಾಕಲು ಹೆದರಿಕೆ. ಇನ್ನೊಬ್ಬ, ಹೊಸದು ಕಣ್ಣಿಗೆ ಕುಟುಕುತ್ತಿದ್ದರೆ ನಂಗೆ ಕೊಟ್ಟುಬಿಡು ಎಂದು ಹಲ್ಲು ಕಿರಿದ. ಟೈಮಪ್ಪ ತನ್ನ ಮೇಜಿಗೆ ಬಂದು ತಲೆಯ ಮೇಲೆ ಕೈ ಹೊತ್ತು ಕೂತ.

ಆಗ ಹಿರಿಯಣ್ಣ ತಾನಾಗಿಯೇ ಎದ್ದು ಬಂದ. ಅವನ ಹಳೆಯ ಕಂಪ್ಯೂಟರು ಮಧ್ಯಾಹ್ನದಿಂದ ಸದ್ದಿಲ್ಲದೆ ಮಲಗಿತ್ತು. ದಿನಾ ಮೂರೂವರೆಗೆ ಅವನು ಯಾವ ಕೆಲಸ ಮಾಡುತ್ತಿದ್ದನೆಂಬುದು ಇಡೀ ಕಚೇರಿಗೆ ಗೊತ್ತಿದ್ದದ್ದೇ. ಪರದೆಯ ಮೇಲೆ ಪುಟಿಯುವ ಚೆಂಡನ್ನು ಪಟ್ಟಿಯೊಂದರಿಂದ ತಡೆದು ಇಟ್ಟಿಗೆ ಒಡೆಯುವ ಆಟ. ಕಚೇರಿಯಲ್ಲಿ ಆ ಆಟ ಆಡದವರಿರಲಿಲ್ಲ; ಸಾಹೇಬರು ಅದರ ವಿರುದ್ಧ ಹೊರಡಿಸಿದ ಸುತ್ತೋಲೆಗಳನ್ನು ಹಂಚುವವನೂ ಹಿರಿಯಣ್ಣನೇ. ಅವನ ದಾಖಲೆಯನ್ನು ಮುರಿಯಲು ಪಂಡಿತ ನಾಲ್ಕು ವರ್ಷದಿಂದ ಒದ್ದಾಡುತ್ತಿದ್ದ.

"ಹತ್ತು ನಿಮಿಷ ನಿನ್ನ ಹೊಸದನ್ನ ಕೊಡೋ," ಎಂದ ಹಿರಿಯಣ್ಣ. "ಹೇಗೂ ನೀನು ಸುಮ್ನೆ ಕೂತಿದೀಯ."

ಟೈಮಪ್ಪನಿಗೆ ಬೇಡವೆನ್ನುವ ತ್ರಾಣವೂ ಉಳಿದಿರಲಿಲ್ಲ. ಹಿರಿಯಣ್ಣ ಅಂಗಿಯ ತೋಳು ಮಡಿಸಿ ಕೂತ. ಚೆಂಡು ಹೊರಟಿತು, ಬೆನ್ನ ಹಿಂದೆ ಎರಡು ಮಸುಕು ಚೆಂಡುಗಳನ್ನು ಎಳೆದುಕೊಂಡು. ಮೊದಲ ಚೆಂಡು ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಹೋದಾಗ ಹಿರಿಯಣ್ಣನ ಅಂಕ ಹನ್ನೊಂದು. ಮೊದಲ ಬಾರಿ ಆಡುವ ಮಕ್ಕಳೂ ಅದಕ್ಕಿಂತ ಹೆಚ್ಚು ಗಳಿಸುತ್ತಾರೆ. ಪಂಡಿತ ಹೊಟ್ಟೆ ಹಿಡಿದು ನಕ್ಕು, ತಾನು ತೋರಿಸಿಕೊಡುವೆನೆಂದು ಕೂತು, ಏಳು ಅಂಕಕ್ಕೆ ಎದ್ದ.

ಹಿರಿಯಣ್ಣನ ಮುಖ ಕೆಂಪಾಗಿತ್ತು. ಮೂವತ್ತು ವರ್ಷದ ಸೇವೆಯಲ್ಲಿ ಅವನು ಇಂಥ ಅನ್ಯಾಯ ಕಂಡಿರಲಿಲ್ಲ.

"ಇದೇನೋ ಇದು, ಮನುಷ್ಯ ಕೆಲಸ ಮಾಡೋ ಯಂತ್ರನಾ? ಇದನ್ನ ಹದಿನೈದು ದಿನ ಹೇಗೆ ಸಹಿಸ್ಕೊಂಡೆ? ಎಲ್ಲಿ ಆ ಹಾಳೆ?"

ಟೈಮಪ್ಪನಿಗೆ ಅಳುವೇ ಬಂತು. ಇಡೀ ದಿನದಲ್ಲಿ ಅವನ ಕಷ್ಟ ಇನ್ನೊಬ್ಬ ಮನುಷ್ಯನಿಗೆ ಅರ್ಥವಾದದ್ದು ಅದೇ ಮೊದಲು. ಹಿರಿಯಣ್ಣ ಪೆನ್ನು ತೆಗೆದು, ಯಾವ ಕೆಲಸದ ವೇಳೆ ದೋಷ ಕಂಡುಬಂತು ಎಂಬ ಜಾಗಕ್ಕೆ ಬಂದು ನಿಂತ. ವೇಳಾಪಟ್ಟಿ ಎಂದು ಬರೆಯಣ್ಣ ಎಂದು ಟೈಮಪ್ಪ ಬೇಡಿಕೊಂಡ. ಹಿರಿಯಣ್ಣ ತಲೆಯಾಡಿಸಿದ.

"ವೇಳಾಪಟ್ಟಿಲಿ ನಂಗೇನೂ ಕಾಣಿಸ್ಲಿಲ್ಲ. ಸುಳ್ಳು ಸಾಕ್ಷಿಗೆ ನಾನು ಸಹಿ ಹಾಕೋನಲ್ಲ."

ಮೂವತ್ತು ವರ್ಷ ಎಲ್ಲೋ ಮರೆತು ಬಿಟ್ಟಿದ್ದ ಸತ್ಯನಿಷ್ಠೆ ಅವನಿಗೆ ಆ ಗಳಿಗೆಯಲ್ಲೇ ನೆನಪಾಗಬೇಕೆ. ಇಟ್ಟಿಗೆ ಆಟ ಆಡುವಾಗ ಒಂದು ಚೆಂಡು ಮೂರಾಗಿ ಕಾಣುತ್ತದೆ, ನಿಜವಾದದ್ದು ಯಾವುದೆಂದು ತಿಳಿಯುವಷ್ಟರಲ್ಲಿ ಆಟ ಮುಗಿದಿರುತ್ತದೆ, ಈ ಯಂತ್ರದಲ್ಲಿ ಆಡುವುದು ಎಂಥ ನುರಿತವನಿಂದಲೂ ಸಾಧ್ಯವಿಲ್ಲ ಎಂದು ಮುತ್ತು ಪೋಣಿಸಿದ ಹಾಗೆ ಬರೆದು ಸಹಿ ಹಾಕಿದ. ಪಂಡಿತ ಅದರ ಕೆಳಗೆ, ಸೆಟ್ಟಿಂಗಿನಿಂದಲೂ ಸರಿಹೋಗದು ಎಂದು ತನ್ನದೊಂದು ಸಾಲು ಸೇರಿಸಿ ಸಹಿ ಹಾಕಿದ. ಗಂಟೆ ನಾಲ್ಕೂ ನಲವತ್ತು. ಹೊಸ ಹಾಳೆ ತಂದು ಹೊಸ ಸಾಕ್ಷಿ ಹುಡುಕಲು ಸಮಯವಿರಲಿಲ್ಲ. ಟೈಮಪ್ಪ ಹಾಳೆ, ಚೀಟಿ, ಯಂತ್ರ ಮೂರನ್ನೂ ಎದೆಗವುಚಿಕೊಂಡು ಸಾಹೇಬರ ಕೊಠಡಿಗೆ ಹೋದ. ಸಾಕ್ಷಿಗಳಿಬ್ಬರೂ ಬಾಗಿಲವರೆಗೆ ಬಂದು ಬೆನ್ನು ತಟ್ಟಿದರು.

ಸಾಹೇಬರು ಹಾಳೆಯನ್ನು ಒಮ್ಮೆ ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. ಬೈಗುಳವೇ ಬರಲಿ, ನೋಟಿಸೇ ಬರಲಿ, ಸಹಿಯೊಂದು ಬಿದ್ದರೆ ಸಾಕು ಎಂದು ಟೈಮಪ್ಪ ಮನಸ್ಸಿನಲ್ಲೇ ಎಲ್ಲಕ್ಕೂ ಒಪ್ಪಿಕೊಂಡ.

ಬೈಗುಳ ಬರಲಿಲ್ಲ. ಇದರಲ್ಲಿ ವೇಳಾಪಟ್ಟಿಯ ಕೆಲಸ ಆಗುತ್ತದೆಯೇ ಎಂದು ಸಾಹೇಬರು ಮೆಲ್ಲಗೆ ಕೇಳಿದರು. ಆಗುತ್ತದೆ, ತಲೆನೋವು ಬರುತ್ತದೆ ಎಂದ ಟೈಮಪ್ಪ. ಹದಿನೈದು ದಿನದಲ್ಲಿ ಯಾವುದಾದರೂ ಕೆಲಸ ನಿಂತಿದೆಯೇ ಎಂದರು. ನಿಂತಿಲ್ಲ ಎಂದು ಅವನು ಹೆಮ್ಮೆಯಿಂದಲೇ ಹೇಳಿದ. ಸಾಹೇಬರು ಯಂತ್ರವನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಟ ಎಲ್ಲಿದೆಯೆಂದು ಕೇಳದೆಯೇ ತೆರೆದರು. ಅವರ ಬೆರಳುಗಳ ವೇಗ ಕಂಡು ಟೈಮಪ್ಪ ದಂಗಾದ. ಆದರೂ ಮೂರು ಚೆಂಡುಗಳು ಮೂರು ನಿಮಿಷದಲ್ಲಿ ಹೋದವು. ಸಾಹೇಬರ ಅಂಕ ಒಂಬತ್ತು. ಅವರ ಮುಖದಲ್ಲಿ ಇಂಥ ಸಂತೋಷವನ್ನು ಆ ಕಚೇರಿಯಲ್ಲಿ ಈವರೆಗೆ ಯಾರೂ ನೋಡಿರಲಿಲ್ಲ.

"ಹನ್ನೊಂದು ವರ್ಷದಿಂದ ಸುತ್ತೋಲೆ ಬರೀತಾ ಇದೀನಿ ರೀ," ಎಂದರು. "ಆಟ ಅಳಿಸಿ ಹಾಕಿದ್ರೆ ಮರುದಿನ ಮತ್ತೆ ಹಾಕ್ಕೊಳ್ತಾರೆ. ಕೆಲಸ ಆಗುತ್ತೆ, ಆಟ ಆಗಲ್ಲ. ಇಂಥ ಯಂತ್ರ ಇದೆ ಅಂತ ನಂಗೆ ಯಾರೂ ಹೇಳಿರಲಿಲ್ಲ. ಕೂತ್ಕೊಳ್ಳಿ, ನಾನು ಹೇಳ್ತೀನಿ, ನೀವು ಇದರಲ್ಲೇ ಟೈಪ್ ಮಾಡಿ."

ಟೈಮಪ್ಪ ಕೂತು ಟೈಪ್ ಮಾಡಿದ. ಕಚೇರಿಯ ಉಳಿದ ಇಪ್ಪತ್ತೆರಡು ಸಿಬ್ಬಂದಿಗೂ ಇದೇ ಮಾದರಿಯ ಲ್ಯಾಪ್‌ಟಾಪ್ ಒದಗಿಸತಕ್ಕದ್ದು. ಹೋಲಿಸಿ ನೋಡುವುದಕ್ಕಾಗಿ ಮೊದಲ ಯಂತ್ರವನ್ನು ಬದಲಾಯಿಸದೆ, ರಿಪೇರಿ ಮಾಡದೆ, ವೇಳಾಪಟ್ಟಿ ಗುಮಾಸ್ತರ ಬಳಿಯೇ ಇಡತಕ್ಕದ್ದು. ಬರುವ ಪ್ರತಿಯೊಂದು ಪರದೆಯಲ್ಲೂ ನೆರಳು ಸರಿಯಾಗಿ ಬೀಳುತ್ತಿದೆಯೇ ಎಂದು, ವೈದ್ಯರ ಚೀಟಿಯ ಪ್ರಕಾರ ಅಪರೂಪದ ದೃಷ್ಟಿಯುಳ್ಳ ಸದರಿ ಗುಮಾಸ್ತರೇ ಪರೀಕ್ಷಿಸತಕ್ಕದ್ದು. ಈ ಉಪಾಯವನ್ನು ಸಾಧಾರವಾಗಿ ಗಮನಕ್ಕೆ ತಂದ ಗುಮಾಸ್ತರನ್ನೂ ಸಾಕ್ಷಿ ನುಡಿದ ಇಬ್ಬರನ್ನೂ ಅಭಿನಂದಿಸಲಾಗಿದೆ.

ಸಾಹೇಬರು ಒಂದು ಕ್ಷಣ ಯೋಚಿಸಿ, ಉಗ್ರಾಣದ ಕಪಾಟಿನಲ್ಲಿರುವ ಬೇರೆ ಮಾದರಿಯ ಯಂತ್ರವನ್ನು ತಮ್ಮ ಕೊಠಡಿಗೆ ಕಳುಹಿಸತಕ್ಕದ್ದು ಎಂಬ ಒಂದು ಸಾಲನ್ನು ಕೊನೆಗೆ ಸೇರಿಸಿದರು.

ಐದು ಹೊಡೆಯಿತು. ಉಗ್ರಾಣದ ಬೀಗ ಬಿದ್ದ ಸದ್ದು ಕೇಳಿಸಿತು. ಟೈಮಪ್ಪ ಸುತ್ತೋಲೆಯ ಪ್ರತಿ ಹಿಡಿದು ಹೊರಗೆ ಬಂದ. ಬಾಗಿಲಲ್ಲೇ ಕಾಯುತ್ತಿದ್ದ ಹಿರಿಯಣ್ಣ, ಹಂಚುವುದು ತನ್ನ ಕೆಲಸವೇ ಆದ್ದರಿಂದ, ಅದನ್ನು ಕಿತ್ತುಕೊಂಡು ಓದಿದ. ಪಂಡಿತ ಅವನ ಭುಜದ ಮೇಲಿಂದ ಓದಿದ. ಸದ್ದು ಕೇಳಿ ಉಳಿದ ಇಪ್ಪತ್ತು ಮಂದಿಯೂ ಮೇಜು ಬಿಟ್ಟು ಎದ್ದು ಬಂದರು.

"ಇನ್ನು ಐದು ವರ್ಷ ಎಲ್ರಿಗೂ ಇದೇ ಅಲ್ವೇನೋ?" ಎಂದು ಕೇಳಿದ ಹಿರಿಯಣ್ಣ.

"ಹೌದಣ್ಣ," ಎಂದ ಟೈಮಪ್ಪ, ಮನೆಯಲ್ಲಿ ಈ ವಿಷಯ ಹೇಗೆ ಹೇಳುವುದೆಂದು ಯೋಚಿಸುತ್ತ. ಹಿರಿಯಣ್ಣ ಅವನನ್ನೇ ನೋಡುತ್ತ ಅಂಗಿಯ ತೋಳನ್ನು ಮತ್ತೆ ಮಡಿಸತೊಡಗಿದ್ದ. ಅಷ್ಟು ಅಪರೂಪದ ಕಣ್ಣಿದ್ದರೂ ಟೈಮಪ್ಪನಿಗೆ ಅದು ಕಾಣಲಿಲ್ಲ.